ಲಸಿಕೆ ಹಾಕಿಸಿದ ಕುರಿ

ನಮ್ಮ ಕಿರ್ಗಿಜ್ ಬೆಟ್ಟದ ಊರಿಗೆಲ್ಲ ಬುದ್ಧಿ ಹೇಳುವ ಜಾಣೆ ಬುರ್ಮಾಕಾನ್. ಪಶುವೈದ್ಯ ಬಂದರೆ ಸಾಕು, ಕುರಿಗಳು ಗರ್ಭ ಇಳಿದು ಕಂದು ಹಾಕಬಾರದೆಂದು ಒಂದನ್ನೂ ಬಿಡದೆ ತಾನೇ ಕಾಲು ಹಿಡಿದು ಲಸಿಕೆ ಹಾಕಿಸುತ್ತಾಳೆ. ಆದರೆ ಊರಿನ ನರ್ಸ್ ಆಯ್ಜಮಾಲ್ ಹುಡುಗಿಯರಿಗೆಂದು ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ತಂದಾಗ, ಈ ಮಹಾತಾಯಿ ಮೊಮ್ಮಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

"ಹೋಗೇ ಹೋಗೇ! ನಮ್ಮ ಹುಡುಗೀನ ಬಂಜೆ ಮಾಡಕ್ಕೆ ಬಂದಿದೀಯಾ?"

"ಬುರ್ಮಾಕಾನ್ ಅಪಾ, ನಿಮ್ಮ ತಂಗೀನ ತಿಂದಿದ್ದೂ ಇದೇ ಕ್ಯಾನ್ಸರ್ ಅಲ್ವಾ?"

"ಅದು ಅವಳ ಹಣೆಬರಹ ಕಣೇ!"

ಆ ತಂಗಿ ಸತ್ತ ನಲವತ್ತನೇ ದಿನದ ಊಟಕ್ಕೆ ಕುರಿ ಕೊಟ್ಟವಳೂ ಇವಳೇ. ನಮ್ಮ ತಟ್ಟೆಗಳಿಗೆ ಮಾಂಸದ ಬೆಶ್‌ಬರ್ಮಾಕ್ ಬಡಿಸುತ್ತ, ಎದೆ ತಟ್ಟಿಕೊಂಡು ಹೇಳಿದ್ದಳು: "ಧೈರ್ಯವಾಗಿ ತಿನ್ರೋ, ಲಸಿಕೆ ಹಾಕ್ಸಿದ ಕುರಿ!"