ಡಾಕ್ಟರರ ಕಾರಿನ ಹಿಂದಿನ ಬುಷ್‌ಗಳು

ನಮ್ಮ ಜಮೀನು ಕೈಗಾರಿಕಾ ಪ್ರದೇಶಕ್ಕೆ ಸೇರಿಹೋದ ಮೇಲೆ ನಮ್ಮಣ್ಣನಿಗೆ ಮಾಡಲು ಕೆಲಸವಿರಲಿಲ್ಲ. ಹೀಗೆ ಒಂದು ಸಾಲಿನಲ್ಲಿ ಬರೆದುಬಿಟ್ಟರೆ ಏನೂ ಅನ್ನಿಸುವುದಿಲ್ಲ, ಎದುರಿಗಿದ್ದು ನೋಡಿದವರಿಗೆ ಗೊತ್ತು. ಮರಳವಾಡಿ ಕಡೆಯ ನಮ್ಮ ಹೊಲದ ಸುತ್ತ ಕಾಂಪೌಂಡ್ ಎದ್ದಿತು, ಒಳಗೆ ನೀಲಿ ತಗಡಿನ ಶೆಡ್ಡು ಎದ್ದಿತು. ಎತ್ತುಗಳನ್ನು ಮಾರಿದ್ದಾಯಿತು. ಗಾಡಿಯನ್ನು ಯಾರೋ ರೆಸಾರ್ಟಿನವರು ಬಾಗಿಲ ಮುಂದೆ ಅಲಂಕಾರಕ್ಕೆ ನಿಲ್ಲಿಸುತ್ತೇವೆಂದು ಕೊಂಡುಹೋದರು. ಅಣ್ಣ ದಿನಾ ಎದ್ದು ಮುಖ ತೊಳೆದು, ಆ ಕಾಂಪೌಂಡಿನ ಎದುರಿನ ಮೋರಿಕಟ್ಟೆಯ ಮೇಲೆ ಕೂತಿದ್ದು ಊಟದ ಹೊತ್ತಿಗೆ ವಾಪಸಾಗುತ್ತಿದ್ದ. ದಾರಿಯಲ್ಲಿ ಹೋಗುವವರು ಏನು ಮಾಡ್ತಿದೀಯ ಎಂದರೆ "ನೋಡ್ತಾ ಇವ್ನಿ" ಅನ್ನುತ್ತಿದ್ದ.

ಒಂದು ದಿನ ಅತ್ತಿಗೆ ಬಸ್ಸು ಹತ್ತಿ ಹಾರೋಹಳ್ಳಿಯ ನನ್ನ ಗ್ಯಾರೇಜಿಗೆ ಬಂದರು. ಕೂರಲೂ ಇಲ್ಲ.

"ಒಸಿ ನಿನ್ನತ್ರ ಮಡಿಕೊಳಪ್ಪ ಅವ್ರನ್ನ. ಹಿಂಗೇ ಬುಟ್ರೆ ಆ ಮನ್ಸ ನಮ್ಗೆ ಉಳಿಯಾಕಿಲ್ಲ. ಉಣ್ಣಾಕಿಲ್ಲ, ಮಾತಾಡಾಕಿಲ್ಲ. ನಿನ್ನೆ ಅಟ್ಟದಿಂದ ನೇಗಿಲು ಇಳ್ಸಿ ಒರೆಸ್ತಾ ಕೂತವ್ರೆ."

ನನ್ನ ಗ್ಯಾರೇಜು ಆಗಲೇ ಕುಂಟುತ್ತಿತ್ತು. ಫ್ಯಾಕ್ಟರಿಗಳು ಬಂದರೆ ಗಾಡಿ ಜಾಸ್ತಿಯಾಗುತ್ತದೆ, ಗಾಡಿ ಜಾಸ್ತಿಯಾದರೆ ನಮಗೆ ಹಬ್ಬ ಎಂದು ಊರೆಲ್ಲ ಹೇಳಿದ್ದರು. ಗಾಡಿಗಳೇನೋ ಬಂದವು. ಆದರೆ ಅವೆಲ್ಲ ಕಂಪ್ಯೂಟರಿಗೆ ವೈರು ಚುಚ್ಚಿ ರೋಗ ಕೇಳುವ ಜಾತಿಯವು, ಸೀದಾ ಶೋರೂಮಿಗೆ ಹೋಗುತ್ತಿದ್ದವು. ನನ್ನ ಪಾಲಿಗೆ ಬರುತ್ತಿದ್ದದ್ದು ಹಳೇ ಜೀಪು, ಟೆಂಪೋ, ಉಸಿರು ಹಿಡಿದುಕೊಂಡಿದ್ದ ಅಂಬಾಸಿಡರು. ಆದರೂ ಇಲ್ಲ ಅನ್ನುವುದು ಹೇಗೆ? ಒಂದು ನೊಗಕ್ಕೆ ಇಬ್ಬರು ಯಾಕೆ, ನೀನು ಬೇರೆ ಕಸುಬು ಕಲಿ ಎಂದು ನನ್ನನ್ನು ಊರಿನಿಂದ ಹೊರಗೆ ಕಳಿಸಿದ್ದೇ ಅವನು. ಕಳಿಸಮ್ಮ ತಾಯಿ ಎಂದೆ.

ಬಂದ. ಬಂದವನು ಮೋರಿಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟು ನನ್ನ ಟೈರಿನ ರಾಶಿಯ ಮೇಲೆ ಕೂತ, ಅಷ್ಟೇ. ಸ್ಪ್ಯಾನರ್ ಕೊಡಣ್ಣ ಎಂದರೆ ಸುತ್ತಿಗೆ ಕೊಡುತ್ತಿದ್ದ. ನನಗೋ ಮೂಗಿನ ತುದಿಯಲ್ಲಿ ಕೋಪ. ಅವನ ಮೇಲೆ ತೋರಿಸಲಾಗದೆ ಗಿರಾಕಿಗಳ ಮೇಲೆ ತೋರಿಸಿ ಇದ್ದ ನಾಲ್ಕು ಜನರನ್ನೂ ದೂರ ಮಾಡಿಕೊಳ್ಳುತ್ತಿದ್ದೆ.

ಆ ಹೊತ್ತಿಗೆ ಕನಕಪುರದ ಡಾಕ್ಟರರ ಕಾರು ಬಂತು. ಡಾಕ್ಟರಿಗೆ ವಯಸ್ಸಾಗಿತ್ತು, ಕ್ಲಿನಿಕ್ ಮುಚ್ಚಿದ್ದರು. ಕಾರಿಗೂ ವಯಸ್ಸಾಗಿತ್ತು. ಇಂಗ್ಲೆಂಡಿನದು, ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ, ಕುಂಕುಮದ ಬಣ್ಣ. ಪ್ರಾಯದಲ್ಲಿ ಯಾರೋ ಕಾಫಿ ಪ್ಲಾಂಟರನಿಂದ ಕೊಂಡು ಅಂದಿನಿಂದ ಹೆಂಡತಿಗಿಂತ ಹೆಚ್ಚಾಗಿ ನೋಡಿಕೊಂಡಿದ್ದರು. ಹಾಗೆಂದು ಹೇಳಿದ್ದು ಅವರ ಹೆಂಡತಿಯೇ. ಅವರ ಸಂತೋಷವೆಂದರೆ ಕೋಡಿಹಳ್ಳಿ ರಸ್ತೆಯ ತಿರುವುಗಳಲ್ಲಿ ಅದನ್ನು ಓಡಿಸುವುದು. ಈಗ ತಿರುವು ಬಂದರೆ ಕಾರಿನ ಮೂತಿ ಒಂದು ಕಡೆ, ಹಿಂಭಾಗ ಒಂದು ಕಡೆ ಹೋಗುತ್ತಿತ್ತು. ಗೇರು ಹಾಕಿದರೆ ಹಿಂದೆ 'ಟಕ್' ಎಂದು ಹೊಡೆದುಕೊಳ್ಳುತ್ತಿತ್ತು.

ಜಾಕಿ ಕೊಟ್ಟು ಕೆಳಗೆ ತೂರಿ ನೋಡಿದೆ. ಹಿಂದಿನ ಚಕ್ರಗಳನ್ನು ಹಿಡಿದಿರುವ ಕಬ್ಬಿಣದ ತೋಳುಗಳ ತುದಿಯಲ್ಲಿ ಬುಷ್‌ಗಳಿರುತ್ತವೆ. ಹೊರಗೆ ಒಂದು ಕಬ್ಬಿಣದ ಬಳೆ, ಒಳಗೆ ಒಂದು ಕೊಳವೆ, ನಡುವೆ ರಬ್ಬರು. ಆ ರಬ್ಬರು ಬಿರುಕುಬಿಟ್ಟು ಪುಡಿಯಾಗಿ ಉದುರುತ್ತಿತ್ತು. ಬೆಂಗಳೂರಿನ ಅಂಗಡಿಗಳಲ್ಲಿ ಹೆಸರು ಹೇಳಿದರೆ ನಕ್ಕರು. ಕೊನೆಗೆ ಡಾಕ್ಟರೇ ಯಾರ ಕೈಕಾಲು ಹಿಡಿದರೋ, ಹೊರದೇಶದಿಂದ ನಾಲ್ಕು ಬುಷ್ ತರಿಸಿದರು. ಮತ್ತೆ ಸಿಗುವುದಿಲ್ಲವಂತೆ, ಜೋಪಾನ ಎಂದು ಹೇಳಿ ನನ್ನ ಕೈಗಿಟ್ಟರು.

ಅಣ್ಣ ಟೈರಿನ ಮೇಲಿಂದ ಎದ್ದು ಬಂದದ್ದು ಆವತ್ತು. ಹೊಸ ಬುಷ್ ಒಂದನ್ನು ಅಂಗೈಯಲ್ಲಿಟ್ಟು ತಿರುಗಿಸಿದ, ಕೊಳವೆಯೊಳಗೆ ಬೆರಳು ತೂರಿಸಿದ.

"ಇದು ನಮ್ ಗಾಡಿ ಚಕ್ರದ ಗುಂಬದೊಳಗೆ ಅಚ್ಚು ತೂರೋ ಬಳೆ ಹಂಗೇ ಐತಲ್ಲೋ!" ಎಂದ.

ಅವನ ಮುಖದಲ್ಲಿ ಬೆಳಕು ಕಂಡು ಎಷ್ಟು ದಿನವಾಗಿತ್ತೋ. ಹೌದಣ್ಣ, ಅದರ ಹಾಗೇ ಎಂದುಬಿಟ್ಟೆ. ಸಂತೋಷದಲ್ಲಿ ಇನ್ನೇನು ಹೇಳಲಿ?

ಆ ಕೆಲಸವನ್ನು ನಾವಿಬ್ಬರೂ ಸೇರಿ ಮಾಡಿದೆವು. ಹಳೇ ಬುಷ್ ಕಬ್ಬಿಣದೊಳಗೆ ಕಚ್ಚಿಕೊಂಡು ಕೂತಿತ್ತು. ಗ್ಯಾಸಿನಲ್ಲಿ ರಬ್ಬರು ಸುಟ್ಟೆವು. ಆ ನಾತಕ್ಕೆ ಪಕ್ಕದ ಟೀ ಅಂಗಡಿಯವನು ಬಾಗಿಲು ಹಾಕಿಕೊಂಡ. ಉಳಿದ ಬಳೆಯನ್ನು ಗರಗಸದ ಬ್ಲೇಡಿನಿಂದ ಸೀಳಿ ಉದುರಿಸಿದ್ದು ಅಣ್ಣನೇ. ಕಬ್ಬಿಣದ ತೋಳಿಗೆ ಒಂದು ಗೀರೂ ಬೀಳದ ಹಾಗೆ ಉಸಿರು ಬಿಗಿಹಿಡಿದು ಕುಯ್ದ. ಪ್ರೆಸ್ ಮಿಷನ್ ನಮ್ಮಲ್ಲಿರಲಿಲ್ಲ. ಉದ್ದ ಬೋಲ್ಟು, ಎರಡು ದಪ್ಪ ವಾಷರು, ಕತ್ತರಿಸಿದ ಪೈಪಿನ ತುಂಡು ಜೋಡಿಸಿ, ನಟ್ಟು ತಿರುಗಿಸುತ್ತಾ ಹೊಸ ಬುಷ್‌ಗಳನ್ನು ಒಳಗೆಳೆದೆವು. ಜಾರಲಿ ಎಂದು ಸೋಪಿನ ನೀರು ಸವರಿದೆ.

"ಸೋಪ್ ಯಾಕ್ಲಾ, ಎಣ್ಣೆ ಇಲ್ವಾ?" ಎಂದ.

"ಸೋಪಾದರೆ ಆಮೇಲೆ ಒಣಗಿಹೋಗುತ್ತಣ್ಣ" ಎಂದು ಹೇಳಿ ನಟ್ಟು ತಿರುಗಿಸಿದೆ.

ಕಾರನ್ನು ನೆಲಕ್ಕಿಳಿಸಿ, ಚಕ್ರದ ಮೇಲೆ ಭಾರ ಬಿದ್ದ ಮೇಲೆ ಬೋಲ್ಟು ಬಿಗಿದೆವು. ಡಾಕ್ಟರು ಓಡಿಸಿಕೊಂಡು ಹೋಗಿ ಬಂದರು. ಇಳಿದವರೇ ನನ್ನ ಕೈ ಬಿಟ್ಟು ಅಣ್ಣನ ಕೈ ಹಿಡಿದು ಕುಲುಕಿದರು. ಕೆಲಸ ನನ್ನದು, ಕೈಕುಲುಕು ಅವನದು ಎಂದು ನಾನು ರೇಗಿಸಿದೆ. ಅಣ್ಣ ನಾಚಿಕೊಂಡು ಪಂಚೆಗೆ ಕೈ ಒರೆಸಿಕೊಂಡ. ಆ ಸಂಜೆ ಮನೆಯಲ್ಲಿ ಎರಡು ಮುದ್ದೆ ಉಂಡನೆಂದು ಅತ್ತಿಗೆ ಫೋನಿನಲ್ಲಿ ಹೇಳಿದರು.

ಅಲ್ಲಿಂದ ಮುಂದೆ ಡಾಕ್ಟರು ಶನಿವಾರ ಶನಿವಾರ ಕಾರು ತರುವುದು ರೂಢಿಯಾಯಿತು. ರಿಪೇರಿಗೇನೂ ಇರುತ್ತಿರಲಿಲ್ಲ. ಪಕ್ಕದ ಅಂಗಡಿಯಲ್ಲಿ ಟೀ ಕುಡಿಯುವುದು, ಕಾರನ್ನು ನಾವು ನೋಡುವುದು, ನಾವು ನೋಡುವುದನ್ನು ಅವರು ನೋಡುವುದು. ಶನಿವಾರ ಬಂತೆಂದರೆ ಅಣ್ಣ ಒಗೆದ ಅಂಗಿ ಹಾಕಿಕೊಂಡು ಬರುತ್ತಿದ್ದ. ಬೇರೆ ದಿನಗಳಲ್ಲೂ ಸ್ಪ್ಯಾನರ್ ಎಂದರೆ ಸ್ಪ್ಯಾನರೇ ಬರತೊಡಗಿತು. ಬ್ರೇಕು ಬಿಚ್ಚುವುದನ್ನು ಕಲಿತ. ಕಂಪನಿ ವ್ಯಾನಿನ ಡ್ರೈವರುಗಳ ಜೊತೆ ಜಗಳವಾಡುವುದನ್ನೂ ಕಲಿತ. ನಮ್ಮಣ್ಣ ವಾಪಸ್ ಸಿಕ್ಕಿಬಿಟ್ಟ ಎಂದು ನಾನು ನಂಬಿದೆ. ಗ್ಯಾರೇಜು ಮುಳುಗಿದರೂ ಚಿಂತೆಯಿಲ್ಲ, ಇವನೊಬ್ಬ ದಡ ಸೇರಿದರೆ ಸಾಕು ಎಂದು ಆಗ ನಿಜವಾಗಿಯೂ ಅಂದುಕೊಂಡಿದ್ದೆ.

ಇಲ್ಲಿ ನಮ್ಮ ಕಡೆಯ ಒಂದು ರೀತಿ ಹೇಳಬೇಕು. ಎತ್ತಿನ ಗಾಡಿ ಮನೆಯಿಂದ ಹೊರಡುವ ಮುಂಚೆ ಅಚ್ಚಿಗೆ ಕೀಲೆಣ್ಣೆ ಹಾಕುವುದು ಮನೆಯ ಹಿರಿಯನ ಕೆಲಸ. ಆಳಿಗೆ ಹೇಳುವಂತಿಲ್ಲ. ಗಾಡಿ ಊರೊಳಗೆ ಕಿರ್ರೋ ಎಂದುಕೊಂಡು ಹೋದರೆ ಆ ಮನೆಗೆ ಗಂಡು ದಿಕ್ಕಿಲ್ಲವೇನೋ ಎಂದು ಜಗಲಿಯ ಮೇಲಿದ್ದವರು ಆಡಿಕೊಳ್ಳುತ್ತಿದ್ದರು. ನಮ್ಮಪ್ಪ ತೀರಿಕೊಂಡ ಮೇಲೆ ಅಣ್ಣ ಒಂದು ದಿನವೂ ಅದನ್ನು ತಪ್ಪಿಸಿದವನಲ್ಲ. ಅಪ್ಪನ ಕಾಲದಲ್ಲಿ ಅದು ಹರಳೆಣ್ಣೆ. ಟ್ರಾಕ್ಟರು ಬಂದ ಮೇಲೆ ಎಂಜಿನಿನಿಂದ ಇಳಿಸಿದ ಸುಟ್ಟ ಆಯಿಲಿಗೆ ಹುಲ್ಲಿನ ಬೂದಿ ಕಲಸಿದ ಕರೀ ಗಸಿ.

ಮಳೆಗಾಲ ಕಳೆದ ಮೇಲೆ ಒಂದು ಶನಿವಾರ ಡಾಕ್ಟರು ನಿಧಾನಕ್ಕೆ, ತೀರಾ ನಿಧಾನಕ್ಕೆ ಬಂದರು. ಇಳಿದವರ ಮುಖ ಬಿಳಿಚಿಕೊಂಡಿತ್ತು. ತಿರುವಿನಲ್ಲಿ ಕಾರು ರಸ್ತೆ ಬಿಟ್ಟು ಹುಣಸೇಮರದ ಹತ್ತಿರಕ್ಕೆ ಹೋಗಿತ್ತಂತೆ. ನಾನು ಕೆಳಗೆ ತೂರಿದೆ. ಹೊಸ ಬುಷ್‌ಗಳು ಊದಿಕೊಂಡು ಬಳೆಯಿಂದ ಹೊರಗೆ ಬಂದಿದ್ದವು. ಬೆರಳಿಟ್ಟರೆ ರಬ್ಬರು ನೆನೆದ ಬೆಲ್ಲದ ಹಾಗೆ ಅಂಟಿಕೊಂಡು ಬಂತು. ಮೂಗಿನ ಹತ್ತಿರ ಹಿಡಿದೆ. ನಮ್ಮ ಕೊಟ್ಟಿಗೆಯ ವಾಸನೆ. ಸುಟ್ಟ ಆಯಿಲು, ಹುಲ್ಲಿನ ಬೂದಿ. ಹೊರಗೆ ಬರಲು ಮನಸ್ಸಾಗದೆ ಕಾರಿನ ಕೆಳಗೇ ಮಲಗಿದ್ದೆ. ಆಕಡೆ ಅವರಿಬ್ಬರ ಕಾಲುಗಳು ಮಾತ್ರ ಕಾಣುತ್ತಿದ್ದವು, ಬೂಟು ಒಂದು ಜೊತೆ, ಹವಾಯಿ ಚಪ್ಪಲಿ ಒಂದು ಜೊತೆ.

"ಏನಾಯಿತು ಇದಕ್ಕೆ? ಹೊಸದಲ್ಲವಾ?" ಡಾಕ್ಟರು ಕೇಳಿದರು.

ಉತ್ತರ ಕೊಟ್ಟದ್ದು ಚಪ್ಪಲಿಯ ಕಡೆಯ ದನಿ.

"ಅದೇನೂ ಆಗಿರಾಕಿಲ್ಲ ಸೋಮಿ. ನಾನು ಒಂದು ವಾರಾನೂ ಬುಟ್ಟಿಲ್ಲ. ಮೊದ್ಲು ಕಿರ್ರಂತಿತ್ತು ಅದು, ಸೋಪು ಒಣಗೋಗಿತ್ತಲ್ಲ. ನೀವಿಬ್ರೂ ಪಕ್ಕದಂಗ್ಡೀಲಿ ಟೀ ಕುಡಿಯೋ ಹೊತ್ನಲ್ಲಿ ನಾನೇ ಜಾಕಿ ಕೊಟ್ಟು ಕೆಳೀಕೆ ನುಗ್ಗಿ ನಾಕೂ ಕಡೆ ಎಣ್ಣೆ ಕುಡಿಸ್ತಿದ್ದೆ. ಮನೇಲೇ ಕಲಸ್ಕಂಡು ತರ್ತಿದ್ದೆ."

ಆ ದನಿಯಲ್ಲಿದ್ದ ಹೆಮ್ಮೆಯನ್ನು ನಾನು ಇವತ್ತಿಗೂ ಮರೆತಿಲ್ಲ. ಡಾಕ್ಟರು ಒಳ್ಳೆಯ ಮನುಷ್ಯ, ಬೈಯಲಿಲ್ಲ. ಒಂದು ಬೈಗುಳವಾದರೂ ಬೈದಿದ್ದರೆ ಅಣ್ಣ ತಿರುಗಿ ಜಗಳವಾಡುತ್ತಿದ್ದ, ಉಳಿದುಕೊಳ್ಳುತ್ತಿದ್ದ. ನಾನು ಹೊರಗೆ ಬಂದು ನಿಂತಾಗ ಅವನು ನನ್ನ ಮುಖ ನೋಡಿದ. ನನ್ನದು ಎಲ್ಲವನ್ನೂ ಹೇಳಿಬಿಡುವ ಹಾಳು ಮುಖ.

"ಏನ್ಲಾ?" ಎಂದ.

"ರಬ್ಬರಿಗೆ ಎಣ್ಣೆ ಆಗಲ್ಲಣ್ಣ. ಊದಿ ಕರಗಿಹೋಗುತ್ತೆ."

"ಮತ್ತೆ ತಿರುಗೋದು ಹೆಂಗೆ ಅದು?"

"ಅದು ತಿರುಗಲ್ಲ. ಗಾಡಿ ಅಚ್ಚಿನ ಹಾಗಲ್ಲ. ಎರಡೂ ಕಡೆ ಕಬ್ಬಿಣಕ್ಕೆ ಅಂಟಿಕೊಂಡಿರುತ್ತೆ, ನಡುವೆ ಒಂಚೂರು ಮುರುಚಿಕೊಂಡು ಮತ್ತೆ ತನ್ನ ಜಾಗಕ್ಕೆ ಬರುತ್ತೆ."

ಅಣ್ಣ ಬಗ್ಗಿ ಕಾರಿನ ಕೆಳಗೆ ನೋಡಿದ, ಬಹಳ ಹೊತ್ತು. ಆಮೇಲೆ ಕೇಳಿದ:

"ಹಂಗಾರೆ ಹಾಕಿದ ಮೇಲೆ ಅದಕ್ಕೆ ನಾವೇನೂ ಮಾಡಂಗೇ ಇಲ್ವಾ?"

"ಇಲ್ಲಣ್ಣ."

"ಏನೂ?"

"ಏನೂ ಇಲ್ಲ. ಅದರ ಪಾಡಿಗೆ ಅದನ್ನ ಬಿಡಬೇಕು."

ತಲೆಯಾಡಿಸಿದ. ಡಾಕ್ಟರಿಗೆ ಕೈಮುಗಿದು, ತಪ್ಪಾಯ್ತು ಸೋಮಿ ಎಂದು ಹೇಳಿ ಬಸ್ ಸ್ಟಾಂಡಿನ ಕಡೆ ನಡೆದ. ಕೂಗಿದರೂ ತಿರುಗಲಿಲ್ಲ. ಬುಷ್‌ಗಳು ಮತ್ತೆ ಸಿಗಲಿಲ್ಲ. ಕಾರನ್ನು ಕನಕಪುರದ ಮನೆಯ ಶೆಡ್ಡಿನಲ್ಲಿ ನಿಲ್ಲಿಸಿ ಬಟ್ಟೆ ಹೊದಿಸಿದರೆಂದು ಕೇಳಿದೆ. ಅದು ಹಾಳಾಗಿ ಹೋಗಲಿ, ಕಬ್ಬಿಣ.

ಮಾರನೆಯ ದಿನ ಅಣ್ಣ ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ವಾರ ಕಾದು ನಾನೇ ಊರಿಗೆ ಹೋದೆ. ಜಗಲಿಯ ಮೇಲೆ ಕೂತಿದ್ದ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು. ಜೀಪೊಂದು ಬಂದಿದೆ, ಬ್ರೇಕಿನ ಕೆಲಸ, ನೀನಿಲ್ಲದೆ ಆಗುತ್ತಿಲ್ಲ ಎಂದು ಸುಳ್ಳು ಹೇಳಿದೆ. ಬೈದೆ. ಯಾರು ತಪ್ಪು ಮಾಡಲ್ಲ, ನಾನು ಎಷ್ಟು ಎಂಜಿನ್ ಸುಟ್ಟಿಲ್ಲ ಎಂದು ಗೋಗರೆದೆ. ಅವನು ಕೋಪವಿಲ್ಲದೆ, ನನ್ನನ್ನೇ ಸಮಾಧಾನ ಮಾಡುವವನಂತೆ ಹೇಳಿದ:

"ಈಗಿನ ವಸ್ತು ನಾನು ಮುಟ್ಟದಿದ್ರೇ ನೆಟ್ಟಗಿರ್ತವೆ ಕಣ್ಲಾ. ನೀನು ಹೋಗು."

ಅತ್ತಿಗೆ ಕಾಫಿ ತಂದಿಟ್ಟು ಒಳಗೆ ಹೋದರು. ಅಷ್ಟರಲ್ಲಿ, ಹಾಲಿಗೆಂದು ಉಳಿಸಿಕೊಂಡಿದ್ದ ಹಸುವಿನ ಕರು ಕೊಟ್ಟಿಗೆಯಲ್ಲಿ ಹಗ್ಗ ಬಿಚ್ಚಿಕೊಂಡು ಅಂಗಳಕ್ಕೆ ಓಡಿಬಂತು, ಬಂದದ್ದು ಸೀದಾ ಅವನ ಹತ್ತಿರಕ್ಕೆ. ಅವನ ಮೊಣಕಾಲಿಗೆ ಮೂತಿ ಉಜ್ಜಿತು. ಅಣ್ಣ ಅದನ್ನು ನೋಡಿದ. ತೊಡೆಯ ಕೆಳಗಿನ ಕೈ ತೆಗೆಯಲಿಲ್ಲ.

"ಒಸಿ ಇದನ್ನ ಕಟ್ಟಾಕೆ ಬತ್ತೀಯಾ?" ಎಂದು ಅತ್ತಿಗೆಯನ್ನು ಕೂಗಿದ.