ಕೆಳಮೆಟ್ಟಿಲಿನ ಶೋಶೋ

ಹೊಸ ಕಾಟನ್ ಬಟ್ಟೆಗೆ ಒಂದು ವಾಸನೆಯಿದೆ. ಬರೀ ಗಂಜಿಯದಲ್ಲ, ಬರೀ ಬಣ್ಣದ್ದೂ ಅಲ್ಲ. ಎರಡೂ ಬೆರೆತು ಮೂಗಿಗೆ ಸ್ವಲ್ಪ ಒಗರಾಗಿ ತಾಗುತ್ತದೆ. ಹೋದ ತಿಂಗಳು ನೈರೋಬಿಯ ಬಡಾವಣೆ ಕರೆನ್‌ನ ಒಂದು ಸಂತೆಯಲ್ಲಿ ಆ ವಾಸನೆ ನನ್ನನ್ನು ಹಿಡಿದು ನಿಲ್ಲಿಸಿತು. ಮೇಜಿನ ತುಂಬ ಕಪ್ಪು ಹೆಣ್ಣುಗಳ ಬಟ್ಟೆಗೊಂಬೆಗಳು. ರಾಣಿಯಾಗಿದ್ದವಳು, ದಂಡು ಕಟ್ಟಿದವಳು, ಊರಿಗೆ ಮೊದಲ ಶಾಲೆ ತಂದವಳು. ಪ್ರತಿಯೊಬ್ಬಳ ಕೊರಳಲ್ಲೂ ಅವಳ ಚರಿತ್ರೆ ಬರೆದ ಚೀಟಿ. ಮಾರುವ ಹುಡುಗಿ ಒಂದು ಪುಟ್ಟ ಮಗುವಿನ ಕೈಗೆ ಗೊಂಬೆ ಕೊಟ್ಟು, "ಈಗ ನೀನು ಹೇಳು, ಇವಳು ಯಾರು?" ಎನ್ನುತ್ತಿದ್ದಳು. ಮಗು ಗಟ್ಟಿಯಾಗಿ ಹೇಳಿತು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ನಾನು ಏನನ್ನೂ ಕೊಳ್ಳದೆ ಕಾರಿಗೆ ಬಂದು ಕುಳಿತುಬಿಟ್ಟೆ. ನಲವತ್ತರ ಹತ್ತಿರದ ಹೆಂಗಸು ಗೊಂಬೆ ಅಂಗಡಿಯ ಮುಂದೆ ಅತ್ತರೆ ನೋಡಿದವರು ಏನಂದುಕೊಂಡಾರು!

ನಮ್ಮ ಮನೆಯಿದ್ದ ಜಾಗದಲ್ಲಿ ಈಗ ಗಾಜಿನ ಕಟ್ಟಡ ಎದ್ದಿದೆ. ಅಪ್ಪ ಅಮ್ಮ ಇಬ್ಬರೂ ಇಲ್ಲ. ನಿಮ್ಮದೂ ಅಂಥ ಒಂದು ಮನೆ ಎಲ್ಲೋ ಇದ್ದು ಹೋಗಿದ್ದರೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಅಮ್ಮ ಮೈಸೂರಿನವಳು. ನೈರೋಬಿಗೆ ಬಂದರೂ ದಸರಾ ಗೊಂಬೆ ಕೂರಿಸುವುದನ್ನು ಬಿಟ್ಟವಳಲ್ಲ. ಪೆಟ್ಟಿಗೆಗಳನ್ನು ಜೋಡಿಸಿ, ಮೇಲೆ ಬಿಳಿ ಪಂಚೆ ಹಾಸಿದರೆ ಏಳು ಮೆಟ್ಟಿಲು. ತುದಿಯಲ್ಲಿ ರಾಜ ರಾಣಿಯರ ಪಟ್ಟದ ಗೊಂಬೆ, ನಡುವೆ ದೇವರುಗಳು, ಕೆಳಗೆ ಅಕ್ಕಿ ಬೇಳೆಯ ಅಂಗಡಿ ಇಟ್ಟುಕೊಂಡ ಶೆಟ್ಟಿ ದಂಪತಿ. ವರ್ಷಕ್ಕೊಂದು ಹೊಸ ಗೊಂಬೆ ಸೇರಲೇಬೇಕು. ಅರಿಸಿನ ಕುಂಕುಮಕ್ಕೆ ಬಂದವರಿಗೆ ಒಂದೊಂದರ ಕಥೆ ಹೇಳುವುದು ನನ್ನ ಕೆಲಸ. ಕೈಯಲ್ಲಿ ಕೋಲು ಹಿಡಿದು ಮೇಷ್ಟ್ರ ಥರ ನಿಲ್ಲುತ್ತಿದ್ದೆ. ಜಂಬದ ಕೋಳಿ ಎಂದು ಅಪ್ಪ ರೇಗಿಸುತ್ತಿದ್ದರು.

ಮನೆಗೆಲಸಕ್ಕೆ ವಂಬುಯಿ ಬರುತ್ತಿದ್ದಳು, ಊರಂಚಿನ ಕಸರಾನಿಯಿಂದ ಎರಡು ಮಟಾಟು ವ್ಯಾನು ಬದಲಿಸಿ. ಹತ್ತು ವರ್ಷ ನಮ್ಮ ಅಡುಗೆಮನೆಯಲ್ಲಿದ್ದು ಕನ್ನಡ ಕಲಿತಿದ್ದಳು. ಅಲ್ಲಿಯವರ ರೂಢಿಯಂತೆ ಅಮ್ಮನನ್ನು ನನ್ನ ಹೆಸರು ಸೇರಿಸಿ ‘ಮಾಮಾ ಸುಮಾ’, ಅಂದರೆ ಸುಮಾಳ ತಾಯಿ, ಎಂದೇ ಕರೆಯುತ್ತಿದ್ದಳು. ಅವಳ ಮಗಳು ಶಿರು ನನ್ನ ವಯಸ್ಸಿನವಳು, ಆಗ ಒಂಬತ್ತು. ಶನಿವಾರಗಳಲ್ಲಿ ತಾಯಿಯ ಜೊತೆ ಬರುತ್ತಿದ್ದಳು. ಶಾಲೆಯಲ್ಲಿ ಯಾರು ಏನು ಕೇಳಿದರೂ ತುಟಿ ಪಿಟಿಕ್ ಎನ್ನದೆ ಕಾಲು ನೋಡುತ್ತ ನಿಲ್ಲುವ ಹುಡುಗಿ. ವಂಬುಯಿಗಿದ್ದ ಚಿಂತೆ ಅದೊಂದೇ. ಆ ವರ್ಷ ಮೈಸೂರಿನಿಂದ ಬಂದ ಹೊಸ ಗೊಂಬೆ ಸೂಟ್‌ಕೇಸಿನಲ್ಲೇ ಪುಡಿಯಾಗಿತ್ತು. ಅಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. ಆಗ ವಂಬುಯಿ, "ನಾನು ಹೊಲೀತೀನಿ ಮಾಮಾ ಸುಮಾ. ಕಥೆ ನನ್ನ ಮಗಳು ಹೇಳ್ಲಿ. ಅವಳಿಗೆ ಜನರ ಮುಂದೆ ಬಾಯಿ ಬರ್ಬೇಕು" ಎಂದಳು. ಅಮ್ಮ ಅರ್ಧ ಕಿವಿಯಲ್ಲಿ ಕೇಳಿಸಿಕೊಂಡು ಹೂಂ ಅಂದಳು.

ಗೊಂಬೆ ನನ್ನ ಮೊಳದಷ್ಟಿತ್ತು. ಕಪ್ಪು ಕಾಟನ್ನಿನ ಮೈ, ಬೆನ್ನ ಮೇಲೆ ಬುಟ್ಟಿ, ಬುಟ್ಟಿಯ ಪಟ್ಟಿ ಹಣೆಯ ಮೇಲೆ. ಜೀವಮಾನವೆಲ್ಲ ಹೊರೆ ಹೊತ್ತವರ ಹಣೆಯಲ್ಲಿ ಬೀಳುವ ಹಳ್ಳವನ್ನು ಕೂಡ ವಂಬುಯಿ ಒಂದೇ ಹೊಲಿಗೆಯಲ್ಲಿ ಎಳೆದು ಕೂರಿಸಿದ್ದಳು. ಅದು ಅವಳ ಅಜ್ಜಿ; ಶೋಶೋ ಎಂದರೆ ಅವರಲ್ಲಿ ಅಜ್ಜಿ. ಬಿಳಿಯರ ವಿರುದ್ಧ ಕಾಡು ಸೇರಿದವರಿಗೆ ಶೋಶೋ ಗೆಣಸಿನ ಕೆಳಗೆ ಗುಂಡುಗಳನ್ನು ಅಡಗಿಸಿ ಒಯ್ಯುತ್ತಿದ್ದಳು. ಸಿಕ್ಕಿಬಿದ್ದು ಸೆರೆಶಿಬಿರದಲ್ಲಿ ಮೂರು ವರ್ಷ ಹೊಡೆಸಿಕೊಂಡರೂ ಒಬ್ಬರ ಹೆಸರನ್ನೂ ಹೇಳಲಿಲ್ಲ. ಶಿರು ಇದನ್ನು ಅಡುಗೆಮನೆಯಲ್ಲಿ ನನ್ನೊಬ್ಬಳ ಮುಂದೆ ಇಂಗ್ಲಿಷಿನಲ್ಲಿ ಹೇಳಿ ಹೇಳಿ ಕಲಿತಳು. ಮೊದಲು ಪಿಸುದನಿ, ಆಮೇಲೆ ದನಿ. "ಶೀ ಡಿಡ್ ನಾಟ್ ಗಿವ್ ಒನ್ ನೇಮ್" ಎನ್ನುವಾಗ ಅವಳ ಗಲ್ಲ ತಾನಾಗಿ ಮೇಲೇಳುತ್ತಿತ್ತು. ಬಂದವರ ಮುಂದೆ ಶೋಶೋ ಕಥೆಯ ಸರದಿ ಬಂದಾಗ ನನ್ನ ಕೋಲು ಅವಳಿಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ.

ಅಮ್ಮನಿಗೆ ಕಂಡದ್ದು ಬುಟ್ಟಿ ಮಾತ್ರ. "ತರಕಾರಿಯೋಳು ತಾನೆ, ಶೆಟ್ಟಿ ಅಂಗಡಿ ಪಕ್ಕಾನೇ ಚೆನ್ನಾಗ್ ಕಾಣ್ತಾಳೆ" ಎಂದು ಕೆಳಮೆಟ್ಟಿಲಲ್ಲಿ ಇಟ್ಟಳು. ವಂಬುಯಿ ಗೊಂಬೆಯ ಹಣೆಪಟ್ಟಿಯನ್ನೊಮ್ಮೆ ಸರಿಮಾಡಿ ಒಳಗೆ ಹೋದಳು. ನಾನು ಶೆಟ್ಟಿಯ ಅಕ್ಕಿ ಬೇಳೆ ಜೋಡಿಸುತ್ತ ಕೂತೆ. ಶನಿವಾರ ಸಂಜೆ ಸಿರಿವಂತರ ಬಡಾವಣೆ ಮುಥೈಗಾದಿಂದ ಆಂಟಿಯೊಬ್ಬರು ಗೆಳತಿಯರನ್ನು ಕರೆದುಕೊಂಡು ಬಂದರು. ಶಿರು ಇಸ್ತ್ರಿ ಮಾಡಿದ ಹಳದಿ ಫ್ರಾಕ್ ತೊಟ್ಟು ಗುಗ್ಗರಿಯ ತಟ್ಟೆ ಹಂಚುತ್ತಿದ್ದಳು. "ಅಯ್ಯೋ, ಇದ್ಯಾರೇ ಬುಟ್ಟಿ ಹೊತ್ಕೊಂಡಿರೋಳು?" ಎಂದು ಆಂಟಿ ಕೇಳಿದರು, ಎಲ್ಲರೂ ನಕ್ಕರು. ಶಿರು ತಟ್ಟೆ ಕೆಳಗಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ನಗುವವರ ಕಡೆ ಇರುವುದು ಎಷ್ಟು ಸುಲಭ! "ಜಸ್ಟ್ ದ ಮೇಡ್, ಆಂಟಿ" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಶಿರು ಕಾಲು ನೋಡುತ್ತ ನಿಂತಳು, ಆಮೇಲೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಅವಳು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಮಳೆ ಹಿಡಿಯಿತು, ಅವರ ಓಣಿಯ ನೀರು ಕೆಟ್ಟಿತು, ಶಿರುವಿಗೆ ಟೈಫಾಯಿಡ್ ಬಂತು. ಹನ್ನೆರಡನೆಯ ದಿನ ಹೋಗಿಬಿಟ್ಟಳು. ನಮ್ಮ ಮನೆಯ ನೀರನ್ನು ದಿನವೂ ಕುದಿಸಿ ಆರಿಸಿ ಇಡುತ್ತಿದ್ದವಳು ಅವಳ ತಾಯಿಯೇ. ಅಂದು ನಾನು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅಮ್ಮ ಹೊಡೆಯಲಿಲ್ಲ, ಹೊಡೆದಿದ್ದರೆ ಚೆನ್ನಾಗಿತ್ತು.

ಮರುವರ್ಷ ಅಮ್ಮ ಶೋಶೋವನ್ನು ಪಟ್ಟದ ಗೊಂಬೆಯ ಪಕ್ಕಕ್ಕೇ ಏರಿಸಿದಳು. ವಂಬುಯಿಯನ್ನು ಕರೆದು, "ಕಥೆ ನೀನೇ ಹೇಳು" ಎಂದು ಕೈ ಹಿಡಿದಳು. ವಂಬುಯಿ ಮೆಲ್ಲಗೆ ಕೈ ಬಿಡಿಸಿಕೊಂಡಳು. "ಕಥೆ ಶಿರುದು, ಮಾಮಾ ಸುಮಾ. ನಂದು ಹೊಲಿಗೆ ಮಾತ್ರ." ಅಷ್ಟು ಹೇಳಿ ಪಾತ್ರೆ ತೊಳೆಯಲು ಹೋದಳು. ಸಂಜೆ ಅದೇ ಆಂಟಿ ಬಂದು, "ಓಹೋ, ಈ ಸಲ ಮೇಲ್ ಕೂತಿರೋರು ಯಾರಮ್ಮಾ?" ಎಂದರು. ಕಥೆ ನನಗೆ ಅಕ್ಷರಕ್ಕಕ್ಷರ ಬರುತ್ತಿತ್ತು. ಅದನ್ನು ಹೇಳುವ ಬಾಯಿ ನನ್ನದಾಗಿರಲಿಲ್ಲ. "ಶಿರುವಿನ ಮುತ್ತಜ್ಜಿ" ಎಂದೆ. "ಶಿರು ಅಂದ್ರೆ ಯಾರು?" ಎಂದರು ಆಂಟಿ, ಗುಗ್ಗರಿ ಬಾಯಿಗೆ ಹಾಕಿಕೊಳ್ಳುತ್ತ. ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. ವಂಬುಯಿ ಕಿವಿಗೊಟ್ಟಿದ್ದಳು. ನಾನು ಗುಗ್ಗರಿಯ ತಟ್ಟೆಯನ್ನು ಆಂಟಿಯ ಮುಂದಕ್ಕೆ ಸರಿಸಿದೆ. ಒಳಗೆ ವಂಬುಯಿ ಮತ್ತೆ ನಲ್ಲಿ ತಿರುಗಿಸಿದಳು.