ಶನಿವಾರದ ಚೀಟಿ

ರಾಜ್ಯದ ಗಡಿಯಂಚಿನಲ್ಲಿ, ಹೂಗ್ಯಂ ಕಡೆಯ ನಮ್ಮ ಊರಿಗೆ ಆಗ ದಿನಕ್ಕೆ ಎರಡೇ ಬಸ್ಸು. ಅರ್ಧ ಮನೆಗಳಲ್ಲಿ ಕನ್ನಡ, ಇನ್ನರ್ಧದಲ್ಲಿ ತಮಿಳು. ಕುಂಟೆಬಿಲ್ಲೆ ಆಡುವಾಗ ಯಾವ ಭಾಷೆಯಲ್ಲಿ ಜಗಳವಾಡುತ್ತಿದ್ದೇವೆಂದು ನಮಗೇ ತಿಳಿಯುತ್ತಿರಲಿಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ, ಬೀದಿಗೆಲ್ಲ ಸೊಗಡವರೆಯ ವಾಸನೆ ಹಬ್ಬಿದ್ದ ಚಳಿಗಾಲದಲ್ಲಿ, ಶಾಲೆಗೆ ಹೊಸ ಮೇಷ್ಟ್ರು ಬಂದರು.

ಅವರ ಅಣ್ಣ ಸೈನ್ಯದಲ್ಲಿದ್ದರು. ಗಡಿಯ ಕತೆ ಹೇಳಿದರೆ ನಮಗೆ ಮೈ ಜುಮ್ಮೆನ್ನುತ್ತಿತ್ತು. ಬಂದ ತಿಂಗಳಲ್ಲೇ ಅವರು ಒಂದು ತಗಡಿನ ಡಬ್ಬಿಗೆ ಮೂರು ಬಣ್ಣ ಬಳಿದು, ಮುಚ್ಚಳಕ್ಕೆ ಸೀಳು ಕೊರೆದು, ಮೇಜಿನ ಮೇಲಿಟ್ಟರು.

"ದೇಶ ಕಾಯೋದು ಗಡಿಯಲ್ಲಿ ಮಾತ್ರ ಅಲ್ಲ. ನೀವೂ ಕಾವಲುಗಾರರೇ," ಎಂದರು. ದೇಶಕ್ಕೆ ಅಗೌರವ ತೋರಿಸಿದವರು ಕಂಡರೆ ಚೀಟಿಯಲ್ಲಿ ಬರೆದು, ಪ್ರತಿ ಶನಿವಾರ ಒಬ್ಬೊಬ್ಬರೂ ಒಂದೊಂದು ಚೀಟಿ ಡಬ್ಬಿಗೆ ಹಾಕಲೇಬೇಕು. ಬರೆದವರ ಹೆಸರು ಬೇಡ. ಚೀಟಿಯಲ್ಲಿ ಸಿಕ್ಕಿಬಿದ್ದವರು ಭೂಪಟದ ಮುಂದೆ ಕೈ ಎತ್ತಿ ನಿಲ್ಲಬೇಕು.

ಮೊದಲೆರಡು ವಾರ ಜನಗಣಮನದಲ್ಲಿ ಮೂಗು ಕೆರೆದವರು, ಧ್ವಜದ ಕಂಬಕ್ಕೆ ಒರಗಿದವರು ಸಿಕ್ಕರು. ಆಮೇಲೆ ಬರೆಯಲು ಏನೂ ಇರಲಿಲ್ಲ. ಹಾಗಾಗಿ ಹುಡುಕತೊಡಗಿದೆವು. ಬುತ್ತಿ ಬಿಚ್ಚುವಾಗಲೂ ಪಕ್ಕದವರ ಬಾಯನ್ನೇ ನೋಡುತ್ತಿದ್ದೆವು.

ನನಗೆ ಸಿಕ್ಕಿದ್ದು ನಮ್ಮ ಕ್ಲಾಸಿನ ಸೆಲ್ವಿಯ ಅಜ್ಜಿ. ಮೊಮ್ಮಗಳಿಗೆ ಊಟ ತಂದವಳು, ನಾವು ಜನಗಣಮನ ಅಭ್ಯಾಸ ಮಾಡುತ್ತಿದ್ದಾಗ ಜಗಲಿಯ ಮೇಲೆ ಕೂತೇ ಇದ್ದಳು. ಅವಳ ಮಂಡಿ ಊದಿಕೊಂಡಿದ್ದು ನನಗೆ ಗೊತ್ತಿತ್ತು. ಬಿಸಿ ಎಣ್ಣೆ ಹಚ್ಚಿಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೆ. ಆದರೂ ಆ ವಾರ, ನಿಲ್ಲಲಾರದ್ದು ನಿಜವೋ ನಾಟಕವೋ ಯಾರಿಗೆ ಗೊತ್ತು ಅನ್ನಿಸಿತು. ಬರೆದೆ. ಸೆಲ್ವಿ ಅಜ್ಜಿಯ ಪರವಾಗಿ ಭೂಪಟದ ಮುಂದೆ ನಿಂತಳು. ಕಂಕುಳಲ್ಲಿ ಹರಿದಿದ್ದ ಅವಳ ರವಿಕೆ ಎಲ್ಲರಿಗೂ ಕಾಣುತ್ತಿತ್ತು. ಮಾರನೆಯ ವಾರದಿಂದ ಅವಳು ಶಾಲೆಗೆ ಬರಲಿಲ್ಲ.

ಸೆಲ್ವಿ ನಿಂತಿದ್ದ ಅದೇ ಶನಿವಾರ ಮೇಷ್ಟ್ರು ಒಂದು ಖಾಲಿ ಚೀಟಿ ಎತ್ತಿ ತೋರಿಸಿದರು. "ಮೂರು ವಾರದಿಂದ ಒಂದು ಖಾಲಿ ಬರ್ತಾ ಇದೆ. ಯಾರು?"

ಚಿಕ್ಕತಾಯಿ ಎದ್ದು ನಿಂತಳು. ನನ್ನ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿ. ಅವ್ವ ಕೂಲಿಗೆ ಹೋಗುತ್ತಿದ್ದಳು. ಮಗ್ಗಿ ಹದಿಮೂರರ ಮೇಲೆ ಬರುತ್ತಿರಲಿಲ್ಲ.

"ನಾನೇ ಸಾ."

"ಬರೆಯೋಕೆ ಏನೂ ಸಿಗಲಿಲ್ವಾ?"

"ಸಿಕ್ರೂ ಬರಿಯಕಿಲ್ಲ ಸಾ."

"ಯಾಕೆ? ದೇಶ ಬೇಡವಾ ನಿನಗೆ?"

"ಬೇಕು ಸಾ. ಬಾವುಟಕ್ಕೆ ಕೈ ಮುಗೀತೀನಿ, ನೆಟ್ಟಗೆ ನಿಂತ್ಕಂಡು ಜನಗಣಮನ ಯೋಳ್ತೀನಿ. ಜೊತೇಲಿ ಉಣ್ಣೋರ್ನ ಕದ್ದು ನೋಡಿ ಬರಿಯೋದು ಮಾತ್ರ ನನ್ ಕೈಲಾಗದು."

ಮೇಷ್ಟ್ರು ಬೆತ್ತ ಎತ್ತಲಿಲ್ಲ. "ಯಾರನ್ನೋ ಮುಚ್ಚಿಡ್ತಾ ಇದ್ದಾಳೆ. ಎಲ್ಲರೂ ಇವಳ ಮೇಲೆ ಕಣ್ಣಿಡಿ," ಎಂದಷ್ಟೇ ಹೇಳಿ ಹೊರಗೆ ನಿಲ್ಲಿಸಿದರು. ಆಮೇಲೆ ಪ್ರತಿ ಶನಿವಾರ ಚೀಟಿ ಓದುವಾಗಲೂ ಅವಳು ಬಾಗಿಲಾಚೆಯೇ.

ನಾನೂ ಕಣ್ಣಿಟ್ಟೆ. ಅವಳು ದಾವಣಿಯ ಸೆರಗಿನಲ್ಲಿ ಅವರೆಕಾಯಿ ಕಟ್ಟಿಕೊಂಡು ಸೆಲ್ವಿ ಮನೆಗೆ ಹೋದರೆ, ಅದರಡಿ ಬೇರೇನೋ ಇರಬಹುದೆಂದು ಬೇಲಿಯ ಹಿಂದೆ ನಿಂತು ನೋಡಿದೆ. ಅವರು ಅವರೆಕಾಳು ಹಿದುಕುತ್ತಾ ಕೂತಿದ್ದರು, ಅಷ್ಟೆ.

ಸಂಕ್ರಾಂತಿಗೆ ಮುಂಚಿನ ಶನಿವಾರ ಡಬ್ಬಿಯಿಂದ ನನ್ನ ಹೆಸರೇ ಬಂತು. ಬೆಟ್ಟಕ್ಕೆ ನಡೆದು ಹೋಗುವ ಭಕ್ತರಿಗೆ ನಮ್ಮಪ್ಪ ಟೀ ಅಂಗಡಿ ಇಟ್ಟಿದ್ದ. ಬಾವುಟದ ಚಿತ್ರವಿದ್ದ ಪೇಪರಿನಲ್ಲಿ ಬೋಂಡ ಕಟ್ಟಿಕೊಟ್ಟನೆಂದು ಯಾರೋ ಬರೆದಿದ್ದರು. ನನ್ನ ಕೈಗಳು ತಾವಾಗಿ ಮೇಲೆದ್ದವು. ಮೇಷ್ಟ್ರು ಬಾಗಿಲ ಕಡೆ ತಿರುಗಿದರು.

"ಚಿಕ್ಕತಾಯಿ, ನಿನ್ನೆ ಆ ಅಂಗಡೀಲಿ ನೀನಿದ್ದೆಯಂತೆ. ಬಾವುಟ ಇತ್ತಾ, ಇಲ್ವಾ? ಒಂದು ಮಾತು ಹೇಳು, ಒಳಗೆ ಬಾ."

"ನಾ ಏನೂ ಯೋಳಕಿಲ್ಲ ಸಾ."

ಇಲ್ಲ ಎಂದಿದ್ದರೆ ನಾನು ಕೂರಬಹುದಿತ್ತು. ಸಿಟ್ಟಿನಿಂದ ನನ್ನ ಕಣ್ಣಲ್ಲಿ ನೀರು ಬಂತು. ಬರೆದವಳು ಇವಳೇ, ಖಾಲಿ ಚೀಟಿಯೆಲ್ಲ ತೋರಿಕೆಗೆ ಎಂದುಕೊಂಡೆ. ಅವತ್ತಿನಿಂದ ಅವಳ ಪಕ್ಕ ಕೂರಲಿಲ್ಲ.

ಮುಂದಿನ ಶನಿವಾರ ಮೇಷ್ಟ್ರು ಎಂದಿನಂತೆ ಚೀಟಿಗಳನ್ನು ಓದುತ್ತಾ ಹೋದರು. ಒಂದನ್ನು ಓದತೊಡಗಿದರು: "ನಮ್ಮ ಸಾ ಬಾವುಟ ಕಟ್ಟುವಾಗ ಚಪ್ಪಲಿ..." ಅಲ್ಲಿಗೆ ನಿಂತರು. ಕಿವಿ ಕೆಂಪಾಯಿತು. ಚೀಟಿ ಮಡಚಿ, ಮೊದಲ ಬೆಂಚಿನಿಂದ ಕೊನೆಯವರೆಗೆ ಒಬ್ಬೊಬ್ಬರ ಮುಖವನ್ನೂ ನೋಡಿದರು. ನಾವು ಒಬ್ಬರನ್ನೊಬ್ಬರು ನೋಡುತ್ತಿದ್ದ ನೋಟವೇ ಅದು. ಆಮೇಲೆ ಉಳಿದ ಚೀಟಿಗಳನ್ನು ಒಂದೊಂದಾಗಿ ಬಿಡಿಸಿ ಖಾಲಿಯದನ್ನು ಹುಡುಕಿ ತೆಗೆದರು. ಇಡೀ ಕ್ಲಾಸಿನಲ್ಲಿ ಆ ಚಪ್ಪಲಿಯ ಚೀಟಿ ಬರೆದಿಲ್ಲವೆಂದು ಅವರಿಗೆ ಖಾತ್ರಿಯಿದ್ದದ್ದು ಖಾಲಿ ಚೀಟಿಯವಳೊಬ್ಬಳ ಬಗ್ಗೆ ಮಾತ್ರ. ಹೊರಗೆ ನಿಂತಿದ್ದವಳಿಗೆ, "ಒಳಗೆ ಬಾರಮ್ಮ," ಎಂದರು. ಸೋಮವಾರ ಮೇಜಿನ ಮೇಲೆ ಡಬ್ಬಿ ಇರಲಿಲ್ಲ. ಅದರ ಬಗ್ಗೆ ಅವರೂ ಮಾತೆತ್ತಲಿಲ್ಲ, ನಾವೂ ಕೇಳಲಿಲ್ಲ. ಸೆಲ್ವಿಯ ಮನೆಯವರು ಅಷ್ಟರಲ್ಲಿ ರಾಜ್ಯದ ಗಡಿಯಾಚೆಯ ನೆಂಟರೂರಿಗೆ ಹೋಗಿಯಾಗಿತ್ತು.

ಹೋದ ವರ್ಷ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕತಾಯಿ ಸಿಕ್ಕಳು. ಮಾಂಬಳ್ಳಿಗೆ ಮದುವೆಯಾಗಿ ಹೋಗಿದ್ದಾಳೆ, ಅಲ್ಲೇ ಅಂಗನವಾಡಿಯಲ್ಲಿ ಅಡುಗೆ ಕೆಲಸ. ಎಳನೀರು ಕುಡಿಯುತ್ತಾ, ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಹೇಳಿದೆ.

"ಸೆಲ್ವಿ ಅಜ್ಜಿ ವಿಚಾರ ಬರ್ದಿದ್ದು ನಾನು ಕಣಮ್ಮಿ."

"ಗೊತ್ತಿತ್ತು. ಪಕ್ಕದಲ್ಲೇ ಕೂತಿದ್ನಲ್ಲ."

"ಸೆಲ್ವಿಗೆ ಯೋಳಿದ್ಯಾ?"

"ನಾ ಯಾಕ್ ಯೋಳಲಿ?"

ತಡೆಯಲಾರದೆ ಕೇಳಿದೆ. "ನಮ್ಮಪ್ಪನ ಬಗ್ಗೆ ಬರ್ದೋರು ಯಾರು? ಅದೂ ನಿಂಗೆ ಗೊತ್ತಿರ್ಬೇಕು."

ಅವಳು ಬುರುಡೆ ಕೆಳಗಿಟ್ಟು ನನ್ನ ಮುಖ ನೋಡಿದಳು. "ಈಗ್ಲೂ ಕೇಳ್ತೀಯಲ್ಲಮ್ಮಿ," ಎಂದಳು. ಯಳಂದೂರಿನ ಬಸ್ಸು ಬಂತು. ಚೀಲ ತಕೊಂಡು ಹತ್ತಿದಳು.

ಈಗ ಊರಿಗೆ ಹತ್ತು ಬಸ್ಸುಗಳಿವೆ. ಹಳೆಯ ಕ್ಲಾಸಿನವರು ಮದುವೆ, ತಿಥಿಗಳಲ್ಲಿ ಸಿಗುತ್ತಾರೆ, ಕೈ ಹಿಡಿದು ಚೆನ್ನಾಗಿದ್ದೀಯಾ ಎಂದು ಕೇಳುತ್ತಾರೆ. ಚೆನ್ನಾಗಿದ್ದೀನಿ ಎನ್ನುತ್ತೇನೆ. ಹಾಗೆನ್ನುತ್ತಲೇ, ಅಪ್ಪನ ಚೀಟಿ ಬರೆದವರು ಇವರಿರಬಹುದೇ ಎಂದು ಅವರ ಮುಖ ನೋಡುತ್ತೇನೆ. ಅವರೂ ನನ್ನನ್ನು ಹಾಗೇ ನೋಡುತ್ತಾರೋ ಏನೋ.